ಕಟ್ಟೆಯ ಎತ್ತರ

“ಮನೆ ಯಜಮಾನ್ತಿ ಯಾರು, ಬಂದು ನಿಂತ್ಕಳ್ರಿ” ಎಂದ ಗಾರೆ ಕೆಲಸದ ಚೌಡೇಶ್, ಸೊಂಟದಿಂದ ಟೇಪು ತೆಗೆಯುತ್ತ.

ಅತ್ತೆ ಹುಚ್ಚಮ್ಮ, ಸೊಸೆ ರಮ್ಯ, ಇಬ್ಬರೂ ಒಟ್ಟಿಗೇ ಮುಂದೆ ಬಂದರು. ಬಂದವರು ಹಿಂದೆ ಸರಿಯಲಿಲ್ಲ. ನಡುವೆ ಸಿಕ್ಕಿಕೊಂಡ ರವಿ, ತಾಯಿಯ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡದೆ ಮೊಬೈಲ್ ತೆಗೆದು ಗೋಡೆ ಕಡೆ ತಿರುಗಿದ. ಅಷ್ಟರ ಮಟ್ಟಿಗೆ ಜಾಣ.

ಹಳೇ ಅಡುಗೆಮನೆಯನ್ನು ಒಡೆದು ಹಾಕಿಯಾಗಿತ್ತು. ಹೊಸದರ ವಿಷಯದಲ್ಲಿ ಅತ್ತೆ ಸೊಸೆಯರದು ಇಲ್ಲಿಯವರೆಗೂ ಒಂದೇ ಮಾತು. ಶಿರಾಳಕೊಪ್ಪದ ಅಂಗಡಿಯಲ್ಲಿ ರವಿ ಮೆಚ್ಚಿದ್ದ ತರಿತರಿ ಲೆದರ್ ಫಿನಿಶ್ ಗ್ರಾನೈಟನ್ನು, “ಇದ್ರಲ್ಲಿ ಹಿಟ್ಟು ಕಚ್ಕಂಡ್ರೆ ಕೆರೆದು ತೆಗೆಯೋನು ನೀನಾ?” ಎಂದು ಇಬ್ಬರೂ ಸೇರಿ ತಳ್ಳಿಹಾಕಿ ನುಣುಪಾದ ಕರಿಕಲ್ಲು ಆರಿಸಿದ್ದರು. ಸಿಂಕು ಆಳವಿರಬೇಕು, ಕಿಟಕಿ ಒಲೆಯ ಎದುರಿಗೇ ಬರಬೇಕು, ಮಸಾಲೆ ಡಬ್ಬಿಗಳಿಗೆ ಬಾಗಿಲಿಲ್ಲದ ಗೂಡು ಸಾಕು. ಎಲ್ಲದಕ್ಕೂ ಇಬ್ಬರದೂ ಹೂಂ.

ಎಡವಿದ್ದು ಅಡುಗೆ ಕಟ್ಟೆಯ ಎತ್ತರಕ್ಕೆ. ಹುಚ್ಚಮ್ಮ ಗಿಡ್ಡ. ರಮ್ಯ ಗಂಡನಿಗೆ ಸಮಸಮ ಎತ್ತರ. ಅತ್ತೆಯ ಅಳತೆಯ ಹಳೇ ಕಟ್ಟೆಗೆ ಬಗ್ಗಿ ಬಗ್ಗಿ ಅವಳ ಸೊಂಟ ಹಿಡಿದುಹೋಗಿತ್ತು. ಇನ್ನು ಬಗ್ಗಲೇಬೇಡಿ ಎಂದು ಸೊರಬದ ಡಾಕ್ಟರು ಹೇಳಿ ಕಳಿಸಿದ್ದರು. ಆದರೆ ಹುಚ್ಚಮ್ಮ ಕಂಡ ಲೋಕದಲ್ಲಿ ಯಾರ ಸೊಂಟದ ಅಳತೆಗೆ ಕಟ್ಟೆಯೋ ಅಡುಗೆಮನೆ ಅವರದು. ತಾನು ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ ಸೊಸೆಯ ಅಳತೆಗೆ ಕಟ್ಟೆ ಎದ್ದರೆ, ತನ್ನನ್ನು ಮೂಲೆಗೆ ಕೂರಿಸಿದ ಹಾಗೆಯೇ.

ಚೌಡೇಶ್ ಬಾಯಿಮಾತಿನ ಅಳತೆ ನಂಬುವವನಲ್ಲ. ಸಿಮೆಂಟ್ ಇಟ್ಟಿಗೆ ಪೇರಿಸಿ, ಮೇಲೊಂದು ಕಲ್ಲಿನ ತುಂಡಿಟ್ಟು, ಮನೆಯವರ ಕೈಲಿ ಒಂದು ರೊಟ್ಟಿ ತಟ್ಟಿಸಿ ನೋಡಿದ ಮೇಲೆಯೇ ಅವನು ಗೋಡೆಗೆ ಗೆರೆ ಎಳೆಯುವುದು. ಸುತ್ತಲ ಊರುಗಳಲ್ಲಿ ಅವನ ಕಟ್ಟೆಗೆ ಹೆಸರಿದ್ದದ್ದು ಅದಕ್ಕೇ. ಹಿತ್ತಲಿನ ಒಲೆಯಲ್ಲಿ ಉಕ್ಕಿಸಿದ್ದ ಅಕ್ಕಿಹಿಟ್ಟು ಬಂತು.

ರಮ್ಯಳ ಎತ್ತರಕ್ಕೆ ಕಲ್ಲಿಟ್ಟಾಗ, ತಟ್ಟಲು ಹೋದ ಹುಚ್ಚಮ್ಮನ ಹೆಗಲು ಕಿವಿಯವರೆಗೆ ಬಂತು. ಅಂಗೈಗೆ ಭಾರ ಬೀಳದೆ ರೊಟ್ಟಿ ಅಗಲವಾಗದೆ ನಿಂತಲ್ಲೇ ನಿಂತಿತು.

“ನೋಡ್ದ್ಯಲ್ಲ? ಆಗಲ್ಲ. ಇಳಿಸು” ಎಂದಳು.

ಇಟ್ಟಿಗೆ ಇಳಿಯಿತು. ಈಗ ರಮ್ಯಳ ಸರದಿ. ಅವಳು ಬಗ್ಗಿ ತಟ್ಟಿದಳು. ರೊಟ್ಟಿ ಚೆನ್ನಾಗಿಯೇ ಬಂತು. ಏಳುವಾಗ ಮಾತ್ರ ತುಟಿ ಕಚ್ಚಿ, ಹಿಟ್ಟಿನ ಕೈಯನ್ನೇ ಸೊಂಟಕ್ಕೆ ಒತ್ತಿಕೊಂಡಳು.

“ನಾನು ಹಟ ಮಾಡ್ತಿಲ್ಲ ಅತ್ತೆ. ಇದಕ್ಕೆ ದಿನಾ ಬಗ್ಗೋಕೆ ನನ್ನ ಕೈಲಿ ಆಗಲ್ಲ. ಆಗಲ್ಲ ಅಂದ್ರೆ ಆಗಲ್ಲ.”

ಹುಚ್ಚಮ್ಮನಿಗೆ ಕರುಳು ಚುರುಕ್ ಎಂದಿತು. ಹಾಗೆ ಕರಗಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ಆಗಲಿ ನಿನ್ನ ಅಳತೆಗೇ ಕಟ್ಟಿಸು ಎನ್ನಲು ಬಾಯಿ ತೆರೆದಳು. ತೆರೆದವಳು ಆ ಮಾತು ಬಿಟ್ಟು ಕಲ್ಲಿನ ಮೇಲಿನ ಹಿಟ್ಟು ಒರೆಸತೊಡಗಿದಳು.

“ಮಧ್ಯಕ್ಕೆ ಮಾಡಿ ಮುಗಿಸು ಮಾರಾಯ” ಎಂದ ರವಿ ಗೋಡೆ ಕಡೆಯಿಂದಲೇ.

“ಮಧ್ಯಕ್ಕೆ ಬ್ಯಾಡ!” ಇಬ್ಬರೂ ಒಂದೇ ಉಸಿರಿಗೆ ಅಂದರು.

“ಮಧ್ಯಕ್ಕೆ ಮಾಡಿದ್ರೆ ಇವರಿಗೂ ನೋವು, ಅವರಿಗೂ ನೋವು” ಎಂದು ಚೌಡೇಶನೂ ದನಿಗೂಡಿಸಿದ.

ರವಿಗೆ ರೇಗಿತು. “ಯಾರದಾದ್ರೂ ಒಂದು ಅಳತೆ ಹೇಳ್ರಿ ಅತ್ಲಾಗೆ. ನಂಗೆ ಹೊತ್ತಿಗೆ ಸರಿಯಾಗಿ ಒಂದು ಬಿಸಿ ರೊಟ್ಟಿ ಬಿದ್ರೆ ಸಾಕು.”

ಹುಚ್ಚಮ್ಮ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮತ್ತೆ ಸೊಸೆಯನ್ನು ನೋಡಿದಳು.

“ಚೌಡೇಶ, ಟೇಪು ಇವನ ಸೊಂಟಕ್ಕೆ ಹಿಡಿ.”

“ನಂಗಾ? ನಂಗ್ಯಾಕೆ ಅವ್ವ?”

“ತಿನ್ನಾಕೆ ಬರುತ್ತಲ್ಲ, ತಟ್ಟಾಕೂ ಬರ್ಲಿ. ಅವಳ ಸೊಂಟ ಹಿಡಿದ ದಿನ ಒಲೆ ಮುಂದೆ ನೀನು. ಕಟ್ಟೆ ನಿನ್ನ ಅಳತೆಗೇ ಏಳ್ಲಿ. ಯಾರಾದ್ರೂ ಕೇಳಿದ್ರೆ ನನ್ನ ಮಗನ ಅಳತೆಗೆ ನಾನೇ ಕಟ್ಟಿಸ್ದೆ ಅಂತೀನಿ.”

ರವಿ ಏನೋ ಹೇಳಲು ಹೋಗುವಷ್ಟರಲ್ಲಿ ಚೌಡೇಶ್ ಟೇಪು ಹಿಡಿದು ಇಟ್ಟಿಗೆ ಮತ್ತೆ ಏರಿಸಿದ. ಹೆಂಡತಿ ಆಗಲೇ ಅವನ ಕೈಯಿಂದ ಮೊಬೈಲ್ ಕಿತ್ತುಕೊಂಡು ಹಿಟ್ಟಿನ ಉಂಡೆ ಇಟ್ಟಾಗಿತ್ತು. ಅವನು ತಟ್ಟಿದ್ದಕ್ಕೆ ರೊಟ್ಟಿ ಎನ್ನುವುದು ಕಷ್ಟ, ಆದರೆ ಬೆನ್ನು ನೆಟ್ಟಗಿತ್ತು. ಚೌಡೇಶ್ ನಗು ನುಂಗಿಕೊಂಡು ಪೆನ್ಸಿಲಿನಿಂದ ಗೋಡೆಗೆ ಗೆರೆ ಎಳೆದ. ರಮ್ಯ ಗೆರೆಯ ಪಕ್ಕ ಬಂದು ನಿಂತಳು. ಅವಳಿಗೂ ಅದೇ ಎತ್ತರ. ಅತ್ತೆ ತನಗಾಗಿ ಮಾಡಿದ್ದು ಏನು ಎಂದು ತಿಳಿದು ಅವಳ ಕಣ್ಣು ತುಂಬಿತು.

“ಅತ್ತೆ, ಇದು ನಿಮಗೆ ಎಟುಕಲ್ಲ” ಎಂದಳು ಮೆಲ್ಲಗೆ.

ಹುಚ್ಚಮ್ಮ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದು, ಒಲೆ ಬರುವ ಜಾಗದ ಪಕ್ಕಕ್ಕೇ ಹಾಕಿ, ಸೆರಗು ಸರಿಮಾಡಿಕೊಂಡು ಕುಳಿತಳು.

“ಕಟ್ಟೆ ಎಟುಕದಿದ್ರೆ ಹೋಗ್ಲಿ. ಇಲ್ಲಿಗೆ ನನ್ನ ತಾಟು ಎಟುಕಿಸ್ರಿ. ಈ ಮನೆಗೆ ಬಂದಾಗ್ಲಿಂದ ಎಲ್ಲರದ್ದೂ ಆದ ಮೇಲೆ ತಣ್ಣಗಾದದ್ದೇ ತಿಂದಿದೀನಿ. ಬಿಸಿ ರೊಟ್ಟಿ ಹೆಂಗಿರುತ್ತೆ ಅಂತ ನಾನೂ ಒಂದ್ಸಲ ನೋಡ್ಬೇಕು.”