ಇಪ್ಪತ್ತನೆಯ ಹೆಸರು

ತಪಾಸಣೆಯ ಸಾಹೇಬರು ತಾಂಡೂರು ಸ್ಟೇಶನ್ನಿನಲ್ಲಿ ಇಳಿದರೆಂಬ ಸುದ್ದಿಯ ಬೆನ್ನಿಗೇ ಕುರಿಗಾರ ಪೋಚಪ್ಪ ಕಂಬಳಿ ನೇಯುವ ಕಸುಬಿನ ಶಾಲೆಯ ಬಾಗಿಲಿಗೆ ಬಂದು ನಿಂತ.

“ನಮ್ಮ ಹುಡುಗ ಇವತ್ತ ಬರಂಗಿಲ್ಲರಿ ಮಾಸ್ತರ. ಕುರಿ ಸಂಗಾಟ ಕೊಡಂಗಲ್ ಕಡಿ ಹೋಗ್ಯಾನ. ಇನ್ನ ಸಾಲಿ ಸಾಕಂತ, ಹೆಸರು ಹೊಡದ್ಬಿಡ್ರಿ.”

“ಇವತ್ತೇ ಹೋಗಬೇಕಿತ್ತೇನೋ? ಸಾಹೇಬ್ರು ಬರೋ ದಿನ?”

“ಕುರಿಗೇನ್ ಗೊತ್ತರಿ, ಯಾವ ಸಾಹೇಬ್ರು ಯಾವಾಗ ಬರ್ತಾರಂತ!”

ಹೆಡ್‌ಮಾಸ್ತರ ಮನ್ಮಥಪ್ಪನವರ ಬಾಯಲ್ಲಿದ್ದ ಬೆಳಗಿನ ವಚನ ಅರ್ಧಕ್ಕೇ ನಿಂತುಹೋಗಿತ್ತು. ಇಪ್ಪತ್ತು ಹುಡುಗರಿಲ್ಲದಿದ್ದರೆ ಶಾಲೆ ಮುಚ್ಚಿರೆಂದು ಹುಕುಂ ಬಂದು ತಿಂಗಳಾಗಿತ್ತು. ಅವರು ತಿರುಗದ ಕುರಿಹಟ್ಟಿ ಉಳಿದಿರಲಿಲ್ಲ. ಕಂಬಳಿ ನೇಯಲು ಹುಡುಗ ಮನೆಯಲ್ಲೇ ಕಲಿಯುತ್ತಾನೆ, ಅದಕ್ಕೂ ಒಂದು ಸಾಲಿಯೇ ಎಂದು ಎಲ್ಲರೂ ನಕ್ಕಿದ್ದರು. ಪೋಚಪ್ಪನ ಮಗ ಹೋದಮೇಲೆ ಉಳಿದ ಹತ್ತೊಂಬತ್ತು ಮಂದಿ ಕುರಿಯೂ ಮಗ್ಗವೂ ಇಲ್ಲದ ಮನೆಯವರು. ಶಾಲೆ ಹೋದರೆ ಕಲ್ಲುಗಣಿಯೇ ಗತಿ. ಇನ್ನು ಕಲಿಸುವವರ ಕಥೆಯೋ, ಕೇಳುವುದೇ ಬೇಡ. ಹೈದರಾಬಾದಿನಿಂದ ಬಂದ ಕಲಿಸಲು ಸರಕಾರಿ ಸನದು ಪಡೆದಿದ್ದ ಉಸ್ತಾದ ಉಣ್ಣೆ ಮುಟ್ಟಿ ಮೈಯೆಲ್ಲ ಕೆರೆದುಕೊಂಡು ಸಂಜೆಯ ಗಾಡಿಗೇ ಹಿಂದಿರುಗಿದ್ದ. ಅಂದಿನಿಂದ ಮಗ್ಗದ ಮುಂದೆ ಕೂತು ಕಲಿಸುತ್ತಿದ್ದವನು ಯಾಲಾಲದ ಮುದುಕ ನೇಕಾರ ತುಳಜಪ್ಪ. ಅವನನ್ನೇ ನೇಮಿಸಿರೆಂದು ಬರೆದ ಮೂರು ಅರ್ಜಿಗೂ ಒಂದೇ ಜವಾಬು ಬಂದಿತ್ತು: ಸನದಿಲ್ಲದವನು ಉಸ್ತಾದನಲ್ಲ.

ಮನ್ಮಥಪ್ಪನವರು ಹಾಜರಿ ಪುಸ್ತಕದಲ್ಲಿ ಪೋಚಪ್ಪನ ಮಗನ ಹೆಸರು ಹೊಡೆದು, ಕೆಳಗೆ ತುಳಜಪ್ಪನ ಹೆಸರು ಬರೆದರು.

“ಕಾಕಾ, ಇವತ್ತಿನಿಂದ ನೀ ಇಲ್ಲಿ ಹುಡುಗ.”

“ಈ ಬಿಳಿ ಮೀಸಿ ಇಟ್ಕೊಂಡ?”

“ಕಲಿಯಾಕ ಮೀಸಿ ಅಡ್ಡ ಬರಂಗಿಲ್ಲ. ಹಿಂದ ಹೋಗಿ ಕೂಡು.”

“ಹಂಗಾರ ಕಲಸಾವ್ರು ಯಾರು?”

“ನಾನೇ. ಏನ್ ಮಾಡ್ಲಿ, ನನ್ನ ಹಣೇಬರ!”

“ಲಾಳಿ ಯಾವ ಕೈಲೆ ಒಗೀತಾರ ಅಂತಾದ್ರೂ ಗೊತ್ತೇನ್ರಿ ಮಾಸ್ತರ?” ಎನ್ನುತ್ತ ತುಳಜಪ್ಪ ಹಿಂದಿನ ಸಾಲಿಗೆ ಹೋದ.

ಟಾಂಗಾ ಬಂದು ನಿಂತಿತು. ಶೇರವಾನಿ, ರೂಮಿ ಟೋಪಿಯ ಸಾಹೇಬರು ಕುರ್ಚಿಯಲ್ಲಿ ಕೂತು ಹೆಸರುಗಳನ್ನು ಬೆರಳಿಟ್ಟು ಎಣಿಸಿದರು. ಇಪ್ಪತ್ತು. “ಬಹುತ್ ಖೂಬ್” ಎಂದು ಹಾಜರಿ ಕೂಗತೊಡಗಿದರು. ಹೆಸರು ಕರೆಸಿಕೊಂಡ ಹುಡುಗ ಎದ್ದು, “ಹಾಜರ್ ಹುಜೂರ್” ಎಂದು ಕೂರುತ್ತಿದ್ದ. ಹತ್ತೊಂಬತ್ತರ ತನಕ ಎಲ್ಲ ಸುಸೂತ್ರ.

“ತುಳಜಪ್ಪ.”

ಮುದುಕ ಮೊಣಕಾಲಿಗೆ ಕೈಕೊಟ್ಟು ಎದ್ದ. ಅವನೊಂದಿಗೇ ಹತ್ತೊಂಬತ್ತು ಹುಡುಗರೂ ದಡಕ್ಕನೆ ಎದ್ದು ಕೈಕಟ್ಟಿ ನಿಂತರು. ತುಳಜಪ್ಪ ನಿಂತಿರುವಾಗ ಅವರು ಒಂದು ದಿನವೂ ಕೂತವರಲ್ಲ.

“ಕೂಡ್ರೋ!” ಮನ್ಮಥಪ್ಪನವರು ಹಲ್ಲು ಕಡಿದರು. “ನಿಮ್ಮನ್ಯಾರ ಕರದಾರ? ಕೂಡ್ರೋ ಅಂದ್ರ!”

ಒಬ್ಬನೂ ಕೂರಲಿಲ್ಲ. ಎಲ್ಲರ ಕಣ್ಣೂ ಹಿಂದಿನ ಸಾಲಿನ ಕಡೆಗಿತ್ತು. ತುಳಜಪ್ಪ ನೆಲ ನೋಡುತ್ತ ಮೆಲ್ಲಗೆ “ಕೂಡ್ರಪಾ” ಎಂದ.

ಹತ್ತೊಂಬತ್ತು ಮಂದಿಯೂ ಒಟ್ಟಿಗೆ ಕೂತರು.

ಸಾಹೇಬರು ತುಳಜಪ್ಪನನ್ನೂ ಅವನ ಮಾತಿಗೆ ಕೂತ ಹುಡುಗರನ್ನೂ ನೋಡಿದರು. ಆಮೇಲೆ ಲೇಖನಿಯನ್ನು ಮಸಿಯಲ್ಲಿ ಅದ್ದಿ ಕೇಳಿದರು:

“ಹೇಳ್ರಿ ಮಾಸ್ತರ್, ಉಸ್ತಾದ್ ಇದ್ದು ಹತ್ತೊಂಬತ್ತು ಬರೀಲೋ, ಉಸ್ತಾದ್ ಇಲ್ಲದ ಇಪ್ಪತ್ತು ಬರೀಲೋ?”