ಅಲಸಂದೆ ಮುಕ್ಕ

ಸಿರಿಕಿ ತ್ರಾವೊರೆ ಪಿಸ್ತೂಲನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡ.

ಗಡಿಯಾಚೆಯಿಂದ ಬಂದು ಬಂಡುಕೋರರ ಪಡೆ ನಡೆಸುತ್ತಿದ್ದ ಕಮಾಂಡರ್ ಡಾಯೆ ಅದನ್ನು ಸುಮ್ಮನೆ ಕೊಟ್ಟಿರಲಿಲ್ಲ. ತನ್ನ ಸಲಹೆಗಾರ ತಿಯೆಕೊರೊ ಜಾರಾನನ್ನು ಅವನ ಜೀಪಿನ ಚಾಲಕ ಸಿರಿಕಿ ಬೈಯುವ ಪರಿಯನ್ನು ಕಿವಿಯಾರೆ ಕೇಳಿದ್ದ. ಸಿರಿಕಿ ಬಾಯಿ ತೆರೆದರೆ ಒಡಿಯೆನೆ ಪಟ್ಟಣದ ಆಕಾಶದಲ್ಲಿ ಹದ್ದುಗಳು ದಾರಿ ಬದಲಿಸುತ್ತಿದ್ದವು.

"ಅಲಸಂದೆ ಮುಕ್ಕ! ನನ್ನ ಗುಲಾಮ! ನನ್ನ ಕೈಯಾರೆ ನಿನ್ನ ಹೂಳ್ತೀನಿ!"

ಮೂವತ್ತು ವರ್ಷ, ದಿನವೂ ಇದೇ.

"ಇಷ್ಟು ದ್ವೇಷ ಇರೋನಿಗೆ ನಾನೇನು ಹೇಳಿಕೊಡ್ಲಿ? ಅವನು ಸೇತುವೆ ದಾಟಬಾರದು," ಎಂದಿದ್ದ ಡಾಯೆ. "ನೀನು ತಪ್ಪಿದ್ರೆ ಸೇತುವೆ ಹತ್ರ ನನ್ನ ಬೇರೆ ಜನ ಇದಾರೆ."

ತಿಯೆಕೊರೊ ಸಾಮಾನ್ಯನೇ? ಮೊದಲು ಶಾಲಾ ಮೇಷ್ಟರು. ಯುದ್ಧ ಶುರುವಾದ ಮೇಲೆ ಬರೀ ನಾಲಿಗೆಯಿಂದ ಮೂರು ಟ್ಯಾಂಕುಗಳನ್ನು ಹಿಮ್ಮುಖವಾಗಿ ಓಡಿಸಿದ ಭೂಪ. ಇವತ್ತು ಸೇತುವೆಯಾಚೆ ಸರ್ಕಾರದವರೊಡನೆ ಕೂತು ಯುದ್ಧವನ್ನೇ ಮುಗಿಸಲು ಹೊರಟಿದ್ದ. ಯುದ್ಧ ಮುಗಿದರೆ ಡಾಯೆಯ ಅನ್ನವೂ ಮುಗಿದಂತೆಯೇ.

ಸೇತುವೆಗೆ ಮುಂಚಿನ ತಿರುವಿನಲ್ಲಿ ಸಿರಿಕಿ ಜೀಪು ನಿಲ್ಲಿಸಿದ. ಇಳಿದು ಸುತ್ತಿಬಂದು ಪಿಸ್ತೂಲು ಎತ್ತಿದ.

"ಇಳಿಯೋ ಕೆಳಗೆ. ಡಾಯೆ ನಿನ್ನ ಪ್ರಾಣ ಕೇಳಿದಾನೆ. ಇವತ್ತು ನಿನ್ನ ಕತೆ ಮುಗೀತು."

ತಿಯೆಕೊರೊ ನಕ್ಕ. ಮಾವಿನ ಮರದ ಬಾವಲಿಗಳೆಲ್ಲ ಎದ್ದು ಹಾರುವಷ್ಟು ನಕ್ಕ. "ಆಹಾ, ಪಿಸ್ತೂಲು ಬೇರೆ! ಯಾವ ಸಂತೇಲಿ ಕದ್ದೆಯೋ, ಗುಲಾಮ?"

ಗುಂಡಿನ ಸದ್ದಿಗೆ ನದಿಯೇ ಒಂದು ಗಳಿಗೆ ಹರಿಯುವುದನ್ನು ಮರೆಯಿತು.

ಸಂಜೆ ಹೆಣ ಇಳಿಸುವ ಹೊತ್ತಿಗೆ ಸಿರಿಕಿ ಗೋರಿಯ ಗುಂಡಿಗೆ ಹಾರಿ ಉದ್ದಕ್ಕೆ ಮಲಗಿಬಿಟ್ಟ.

"ಏಳಲ್ಲ! ಇದು ನನ್ನ ಜಾಗ. ಹುಂಜ ಕೊಟ್ರೆ ಬಿಡ್ತೀನಿ."

ಯಾರೂ ಅವನನ್ನು ಎಳೆಯಲಿಲ್ಲ. ವಿಧವೆ ನಂತೆನಿನ್ ಮನೆಯ ಹುಂಜವನ್ನೇ ತಂದು ಅವನ ಕೈಗಿಟ್ಟಳು. ಜಾರಾ ಕುಲದವನು ಸತ್ತಾಗ ಹೀಗೆ ಪೀಡಿಸುವ ಹಕ್ಕು ತ್ರಾವೊರೆಗಳದ್ದು. ಮುತ್ತಜ್ಜಂದಿರ ಕಾಲದಿಂದಲೂ ಈ ಎರಡು ಕುಲಗಳಿಗೆ ಬೈಗುಳವೇ ನೆಂಟಸ್ತಿಕೆ. ಏನು ಬೈದರೂ ಮುನಿಯುವಂತಿಲ್ಲ. ಒಬ್ಬರ ರಕ್ತ ಇನ್ನೊಬ್ಬರು ಚೆಲ್ಲುವಂತಿಲ್ಲ. ಚೆಲ್ಲಿದವನು ಆ ಗುಂಡಿಗೆ ಇಳಿಯಲಾರ.

"ಏಳೋ, ಅಲಸಂದೆ ಮುಕ್ಕ," ಎಂದಳು ಅವಳು. "ನಿನ್ನ ಯಜಮಾನ ಮಲಗ್ಬೇಕು."

ಸಿರಿಕಿ ಹುಂಜವನ್ನು ಎದೆಗವುಚಿಕೊಂಡು ಬಿಕ್ಕಿದ. "ಮೂವತ್ತು ವರ್ಷದಲ್ಲಿ ಇವತ್ತೊಂದಿನ ನಿಜ ಹೇಳ್ದೆ, ಅತ್ತಿಗೆ. ಅದನ್ನೂ ಬೈಗುಳ ಅಂದ್ಕೊಂಡು ನಗ್ತಾ ನಗ್ತಾ ನನ್ನ ಅಲ್ಲೇ ಬಿಟ್ಟು, ತಾನೇ ಜೀಪು ಓಡಿಸ್ಕೊಂಡು ಸೇತುವೆಗೆ ಹೋದ."