ಮಳೆ ತಂದ ಶಾಸ್ತ್ರ

ಒಂದೇ ಮನೆಯಲ್ಲಿ ಸಂಸಾರ ಹೂಡಿದ್ದ ಬೋರೇಶ, ಶಿವನಂಜ ಇಬ್ಬರನ್ನೂ ಅರಳಿಕಟ್ಟೆಗೆ ಕರೆಸಿದ ಪಟೇಲರಿಗೆ ಮೈಯೆಲ್ಲ ಉರಿಯುತ್ತಿತ್ತು.

"ಗಂಡಸು ಗಂಡಸೇ ಗಂಡ-ಹೆಂಡ್ತಿ ಅಂತೆ! ಥೂ! ಇಂಥವರನ್ನ ಇಟ್ಕೊಂಡ್ರೆ ಊರಿಗೆ ಮಳೆ ಬಂದಾತಾ? ನಾಳೆನೇ ಜಾಗ ಖಾಲಿ ಮಾಡಿ."

ಶಿವನಂಜ ಕೈ ಮುಗಿದ. "ಮಾಡ್ತೀವಿ ಪಟೇಲ್ರೇ. ನಾವು ಚಿಕ್ಕೋರಿದ್ದಾಗ ಮಳೆ ಕೈಕೊಟ್ಟಿತ್ತಲ್ಲ, ಆಗ ಹೆಂಗೆ ಬಂತು?"

ಹಳೆಯ ಪ್ರತಾಪ ನೆನಪಾಗಿ ಪಟೇಲರ ಕೈ ತಾನಾಗಿ ಮೀಸೆಗೆ ಹೋಯಿತು. "ನಾನೇ ಮುಂದೆ ನಿಂತು ಶಾಸ್ತ್ರ ಮಾಡಿಸಿದ್ದೆ ಕಣಯ್ಯಾ! ದೇವರು ಮೆಚ್ಚಿಬಿಟ್ಟ. ವಾರದೊಳಗೆ ಕೆರೆ ಕೋಡಿ ಬಿತ್ತು!"

"ಹೂಂ ಪಟೇಲ್ರೇ. ಇದೇ ಕಟ್ಟೆ ಮೇಲೆ ನನಗೆ ಬಾಸಿಂಗ ಕಟ್ಟಿ, ಬೋರೇಶನಿಗೆ ಸೀರೆ ಉಡಿಸಿ, ನಮ್ಮಿಬ್ಬರಿಗೂ ಮದುವೆ ಮಾಡಿಸಿದ್ರಲ್ಲ!"